ಉಪ್ಪಿನಕಾಯಿ ದಂಡ

ನನ್ನ ಕಾಕಾನಿಗೆ ತೆಲುಗು ಬರುವುದಿಲ್ಲ. ಹಾಗಂತ ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹುಟ್ಟಿ ಬೆಳೆದದ್ದು ಜಹೀರಾಬಾದಿನ ಹತ್ತಿರ, ಮೊಗುಡಂಪಲ್ಲಿ ಕಡೆಯ ಹಳ್ಳಿಯಲ್ಲಿ. ಓದಿದ್ದು ತೆಲುಗು ಶಾಲೆಯಲ್ಲಿ. ಆದರೂ ತೆಲುಗು ಮಾತ್ರ ಬರುವುದಿಲ್ಲವಂತೆ! ನಂಬುತ್ತೀರಾ? ನಂಬುವ ಮೊದಲು ಒಮ್ಮೆ ಜಹೀರಾಬಾದಿನ ಮಾರ್ಕೆಟ್ಟಿಗೆ ಬಂದು ಅವನು ಶುಂಠಿ ಮಾರುವುದನ್ನು ನೋಡಿ. ವ್ಯಾಪಾರಿ ಧಾರಣೆ ಇಳಿಸಿದನೋ, ಕಾಕಾನ ಬಾಯಿಂದ ಹರಿಯುವ ತೆಲುಗಿಗೆ ಹೈದರಾಬಾದಿನ ವಕೀಲರೂ ತಲೆದೂಗಬೇಕು. ಶುಂಠಿ ಮಾರಾಟವಾದ ಮೇಲೆ ಅದೆಲ್ಲ ಮತ್ತೆ ಮರೆತುಹೋಗುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಒಂದೇ ಮನೆ, ಒಂದೇ ಒಲೆ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅವನ ಬಗ್ಗೆ ನಗುನಗುತ್ತಾ ಬರೆಯೋಣ ಎಂದೇ ಕೂತಿದ್ದೇನೆ. ಆದರೆ ಮೊದಲ ಸಾಲಿಗೇ ಸಿಟ್ಟು ನೆತ್ತಿಗೇರಿದೆ. ನಾನು ಹಲ್ಲು ಕಡಿಯುತ್ತಾ ಬರೆಯುತ್ತೇನೆ, ನಗುವ ಕೆಲಸ ನೀವು ಮಾಡಿ.

ತಾಂಡೂರಿನಲ್ಲಿ ನಮ್ಮ ಸೋದರತ್ತೆಯ ಮನೆ. ಅಲ್ಲಿಗೆ ಹೋಗುವಾಗಲೆಲ್ಲ ಕಾಕಾ ನನ್ನನ್ನು ಜೊತೆಗೆ ಕರೆದುಕೊಳ್ಳುತ್ತಿದ್ದ. ಪ್ರೀತಿಯಿಂದ ಎಂದುಕೊಂಡಿರಾ? ಅಲ್ಲ, ದುಭಾಷಿಯಾಗಿ! ಕಂಡಕ್ಟರು ತೆಲುಗಿನಲ್ಲಿ ಎಲ್ಲಿಗೆ ಎಂದು ಕೇಳಿದರೆ ಕಾಕಾ ನನ್ನ ಮುಖ ನೋಡುತ್ತಿದ್ದ. ನಾನು ಅದನ್ನು ಕನ್ನಡದಲ್ಲಿ ಹೇಳಬೇಕು, ಅವನು ಕನ್ನಡದಲ್ಲಿ ಉತ್ತರಿಸಬೇಕು, ಅದನ್ನು ನಾನು ತೆಲುಗಿನಲ್ಲಿ ಒಪ್ಪಿಸಬೇಕು. ಹಿಂದೆ ನಿಂತವರ ಗೊಣಗಾಟವೆಲ್ಲ ನನ್ನ ಪಾಲಿಗೆ. ಒಂದು ಸಲ ಕಂಡಕ್ಟರು ಏನೋ ತಮಾಷೆ ಮಾಡಿದ. ನಾನು ಅನುವಾದಕ್ಕೆ ಬಾಯಿ ತೆರೆಯುವ ಮೊದಲೇ ಕಾಕಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನು ದುರುಗುಟ್ಟಿ ನೋಡಿದೆ. ಅವನು ನಗು ನುಂಗಿ, "ಏನಂದನವ್ವಾ ಅಂವ?" ಎಂದು ಕೇಳಿದ.

ಬಸ್ಸಿನಲ್ಲಾದರೆ ಇಳಿದು ಹೋಗಬಹುದು, ಮನೆಯಲ್ಲಿ? ಅಲ್ಲಿ ಉಪ್ಪಿನಕಾಯಿ ದಂಡ ಜಾರಿಯಲ್ಲಿತ್ತು. ಊಟಕ್ಕೆ ಕೂತಾಗ ಯಾರ ಬಾಯಿಂದಲಾದರೂ ಕನ್ನಡವಲ್ಲದ ಶಬ್ದ ಬಂದರೆ ಅವರ ತಾಟಿನ ಉಪ್ಪಿನಕಾಯಿ ಕಾಕಾನ ತಾಟಿಗೆ ಹೋಗುತ್ತದೆ. ನಮ್ಮ ಕಡೆಯ ಮಾತು ನಿಮಗೆ ಗೊತ್ತಿದ್ದರೆ ಈ ಕಾನೂನಿನ ಕ್ರೌರ್ಯ ಅರ್ಥವಾದೀತು. ಅರ್ಧ ಉರ್ದು, ಕಾಲು ತೆಲುಗು, ನಡುನಡುವೆ ಮರಾಠಿ. ಆ ಲೆಕ್ಕದಲ್ಲಿ ನಾವು ಬಾಯಿ ಮುಚ್ಚಿಕೊಂಡೇ ಉಣ್ಣಬೇಕು! ಯಾವುದು ಕನ್ನಡ, ಯಾವುದು ಅಲ್ಲ ಎಂಬ ತೀರ್ಪೂ ಕಾಕಾನದೇ. ಅವನು "ಜಲ್ದಿ" ಎಂದರೆ ಅದು ಕನ್ನಡ, ಯಾಕೆಂದರೆ ನಮ್ಮ ಮುತ್ಯಾ, ಅಂದರೆ ಅವನ ಅಪ್ಪ, ಹಾಗೆ ಅನ್ನುತ್ತಿದ್ದನಂತೆ. ಅಪ್ಪ ಒಂದು ದಿನ ಹೊಸ ಮಾವಿನ ಉಪ್ಪಿನಕಾಯಿ ಬಾಯಿಗಿಟ್ಟು "ಬಿಲ್ಕುಲ್ ಛಂದ ಆಗ್ಯದ" ಎಂದರು. ಕಾಕಾ ಕೈ ಚಾಚಿದ. ಹೊಗಳಿದ ಉಪ್ಪಿನಕಾಯಿಯೇ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ "ಬಿಲ್ಕುಲ್" ಎಂದವರು ಯಾರೂ ಹೇಳಿಸಿಕೊಳ್ಳದೆ ತಾಟು ಮುಂದೆ ತಳ್ಳುವುದು ರೂಢಿಯಾಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಕ್ಷಮಿಸುತ್ತಿದ್ದೆ. ಉಪ್ಪಿನಕಾಯಿ ಇಲ್ಲದೆ ಯಾರೂ ಸಾಯುವುದಿಲ್ಲ. ಆದರೆ ಏಳನೇ ತರಗತಿ ಮುಗಿದಾಗ ಕಾಕಾ ನನ್ನ ಕೈ ಹಿಡಿದುಕೊಂಡು ಹೋಗಿ ಬೀದರಿನ ಒಂದು ಕನ್ನಡ ಶಾಲೆಗೆ ಸೇರಿಸಿಬಿಟ್ಟ. ಮನೆಮಾತು ಓದಲು ಬರೆಯಲು ಬಾರದವರು ಮನೆಗೆ ಬಂದ ನೆಂಟರಿದ್ದ ಹಾಗೆ ಎಂದು ಅವನ ವಾದ. ಎಂಟು, ಒಂಬತ್ತು ಎರಡೂ ಅಲ್ಲೇ. ದಿನಾ ಬಸ್ಸು ಹತ್ತಿ ಗಡಿ ದಾಟಿ ಹೋಗುವುದು, ಗಡಿ ದಾಟಿ ಬರುವುದು. ಕಡೆಗೆ ಅವ್ವ, ಹುಡುಗಿ ಬಸ್ಸಿನಲ್ಲೇ ಸೊರಗಿಹೋದಳು ಎಂದು ಹಟ ಹಿಡಿದು ಹತ್ತನೆಯದಕ್ಕೆ ಜಹೀರಾಬಾದಿಗೆ ವಾಪಸು ಕರೆತಂದಳು. ಮುಂದಿನದೂ ಅಲ್ಲೇ ಆಯಿತು.

ಆ ಎರಡು ವರ್ಷ ನನ್ನ ಕೊರಳಿಗೆ ಸುತ್ತಿಕೊಂಡದ್ದು ಇಂಟರ್ ಎರಡನೇ ವರ್ಷದಲ್ಲಿ. ನಿಮ್ಮ ಕಡೆ ಅದಕ್ಕೆ ಪಿಯುಸಿ ಅನ್ನುತ್ತೀರಿ. ಅಷ್ಟರಲ್ಲಿ ನಾನು ದನದ ಡಾಕ್ಟರಾಗಬೇಕು ಎಂದು ನಿರ್ಧರಿಸಿ ಆಗಿತ್ತು. ಹಿಂದಿನ ವರ್ಷ ನಮ್ಮ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ಡಾಕ್ಟರು ಬಂದು ಕರುವನ್ನು ಉಳಿಸಿದರು, ಎಮ್ಮೆ ಉಳಿಯಲಿಲ್ಲ. ಇನ್ನಷ್ಟು ಬೇಗ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಅವರೇ ಹೇಳಿದರು. ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ದೊಡ್ಡದು ಮಾಡಿದವಳು ನಾನು. ಬೇರೆ ಯಾವ ಓದೂ ನನಗೆ ಬೇಕಿರಲಿಲ್ಲ.

ಅರ್ಜಿ ಹಾಕಲು ಹೋದೆ. ನಾನು ಕೇಳಿದ ಸೀಟಿಗೆ ಕೊನೆಯ ನಾಲ್ಕು ವರ್ಷ ತೆಲಂಗಾಣದಲ್ಲೇ ಓದಿರಬೇಕಂತೆ. ನನ್ನ ಒಂಬತ್ತನೆಯದು ಬೀದರಿನಲ್ಲಿ. ಹಾಗಾಗಿ ನಾನು ಹೊರಗಿನವಳು. ಸರಿ, ಕರ್ನಾಟಕಕ್ಕೆ ಹಾಕೋಣ ಎಂದರೆ ಅಲ್ಲಿ ಏಳು ವರ್ಷ ಓದಿರಬೇಕಂತೆ, ನನ್ನದು ಎರಡೇ. ಅಲ್ಲೂ ಹೊರಗಿನವಳು! ನೆಟ್ಟಗೆ ಜಹೀರಾಬಾದಿನಲ್ಲೇ ಓದಿದ್ದರೆ ನನಗೆ ಒಂದು ರಾಜ್ಯವಾದರೂ ಇರುತ್ತಿತ್ತು. ಕಾಕಾನ ಕನ್ನಡಾಭಿಮಾನ ಅದನ್ನೂ ಕಿತ್ತುಕೊಂಡಿತ್ತು. ಆ ದಿನ ಮನೆಗೆ ಬಂದು, ಹುಟ್ಟಿದಾಗಿನಿಂದ ಅಡಗಿಸಿಟ್ಟಿದ್ದ ಸಿಟ್ಟನ್ನೆಲ್ಲ ಹೊರಗೆ ಹಾಕಿದೆ. ತೆಲುಗಿನಲ್ಲೇ ಬೈದೆ, ಬೇಕೆಂದೇ. ಅವನು ಎಲ್ಲ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿ, "ಏನಂತಾಳ ಇಕಿ?" ಎಂದ.

ನಾನು ಅವನ ಜೊತೆ ಮಾತು ಬಿಟ್ಟೆ. ಅವನು ಮಾತ್ರ ನಾರಾಯಣಖೇಡದ ಬೀಗರ ಮನೆಗೆ ಹೋಗಿ ಒಂದು ಸುದ್ದಿ ಹಿಡಿದು ಬಂದ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದಲ್ಲಿ ಅವಕಾಶ ಇದೆ, ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಲ್ಲ ಅದರಲ್ಲಿ ಬರುತ್ತವೆ. ಮನೆಮಾತು ಕನ್ನಡ ಎಂದು ಇಲ್ಲಿಂದ ಸರ್ಟಿಫಿಕೇಟು ತರಬೇಕು, ಬೆಂಗಳೂರಿಗೆ ಹೋಗಿ ಕನ್ನಡದ ಪರೀಕ್ಷೆ ಪಾಸಾಗಬೇಕು. ಇಷ್ಟು ಹೇಳಿ ಸುಮ್ಮನಿರಬಾರದೇ? "ಆ ಎರಡು ವರ್ಷ ನಾ ಬೀದರಕ್ಕ ಕಳಿಸಿಲ್ಲದಿದ್ರ ಪರೀಕ್ಷಾ ಹ್ಯಾಂಗ ಬರೀತಿದ್ದಿ?" ಎಂದು ಮೀಸೆ ತಿರುವಿದ. ಮನೆಗೆ ಬೆಂಕಿ ಹಚ್ಚಿದವನೇ ನೀರು ತಂದೆನೆಂದು ಹಾರ ಹಾಕಿಸಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದೆ!

ಸರ್ಟಿಫಿಕೇಟಿನ ಕಚೇರಿಯಲ್ಲೂ ಮರ್ಯಾದೆ ಉಳಿಯಲಿಲ್ಲ. ಮನೆಮಾತು ಕನ್ನಡ ಎನ್ನುವುದಕ್ಕೆ ಏನು ಆಧಾರ ಎಂದು ಗುಮಾಸ್ತ ತೆಲುಗಿನಲ್ಲಿ ಕೇಳಿದ. ಮರುದಿನ ಕಾಕಾ ನಮ್ಮ ಆಯಿಯನ್ನು, ಅಂದರೆ ಅವನ ತಾಯಿಯನ್ನು, ಆಟೋದಲ್ಲಿ ತಂದು ಗುಮಾಸ್ತನ ಎದುರಿನ ಕುರ್ಚಿಯಲ್ಲಿ ಕೂರಿಸಿದ. "ಇದೇ ಆಧಾರ. ಮಾತಾಡಿಸಿ ನೋಡ್ರಿ" ಎಂದ. ಆಯಿ ಯಾರಾದರೂ ಮಾತಾಡಿಸುವವರೆಗೆ ಕಾಯುವವಳಲ್ಲ. ಮೆಟ್ಟಿಲು ಇಷ್ಟು ಎತ್ತರ ಯಾಕೆ ಕಟ್ಟಿದ್ದೀರಿ ಎಂಬಲ್ಲಿಂದ ಶುರು ಮಾಡಿ ಮುದುಕರನ್ನು ಗೋಳಾಡಿಸುವವರಿಗೆ ಏನಾಗುತ್ತದೆ ಎಂಬಲ್ಲಿಗೆ ಮುಟ್ಟಿದಳು. ಗುಮಾಸ್ತ ತಲೆತಗ್ಗಿಸಿ ಬರೆಯತೊಡಗಿದ. ಸಹಿಯೆಲ್ಲ ಮುಗಿದ ಮೇಲೆ ಮೆಲ್ಲಗೆ, "ನಮ್ಮ ಮನ್ಯಾಗೂ ಹಿಂಗೇ ಬೈತಾರ ಬೇ ಆಯಿ" ಎಂದ.

ಇನ್ನು ಪರೀಕ್ಷೆಯ ತಯಾರಿ. ಬೆಂಗಳೂರಿನಲ್ಲಿ ನಮ್ಮ ಮಾತು ನಡೆಯುವುದಿಲ್ಲ, ಪುಸ್ತಕದ ಕನ್ನಡವೇ ಆಗಬೇಕು ಎಂದು ಕಾಕಾ ಆಜ್ಞೆ ಹೊರಡಿಸಿದ. ಮನೆಯವರೆಲ್ಲ ಹಾಗೇ ಮಾತಾಡಬೇಕಾಯಿತು. ಅವ್ವ ಅಡುಗೆಮನೆಯಿಂದ "ರೊಟ್ಟಿಯು ಬೆಂದಿರುತ್ತದೆ" ಎಂದು ಕೂಗುವಳು. ಕಾಕಾ ಹಿತ್ತಲಿಗೆ ಹೋಗಿ ನನ್ನ ಎಮ್ಮೆಕರುವಿಗೆ "ಎಲೈ ಕರುವೇ, ಇತ್ತ ಬಾ" ಎಂದು ಕರೆದ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆಮೇಲೆ "ಏ ಬಾ ಇಲ್ಲಿ, ಜಲ್ದಿ ಬಾ" ಎಂದ. ಓಡಿ ಬಂತು.

ಬೆಂಗಳೂರಿನ ಕಚೇರಿಯಲ್ಲಿ ಮೇಜಿನ ಹಿಂದೆ ಒಬ್ಬ ಸಾಹೇಬರು, ಒಬ್ಬ ಮೇಡಂ ಕೂತಿದ್ದರು. ನಾನು ಕೊಟ್ಟದ್ದನ್ನು ಓದಿದೆ, ಹೇಳಿದ್ದನ್ನು ಬರೆದೆ, ಕೇಳಿದ್ದಕ್ಕೆ ಪುಸ್ತಕದಂತೆ ಉತ್ತರಿಸಿದೆ. ಎಲ್ಲ ಸರಿಯಾಗಿಯೇ ಇತ್ತು. ಸಹಿಗೆಂದು ಪೆನ್ನು ಎತ್ತಿದ ಸಾಹೇಬರ ಕಣ್ಣು ಬಾಗಿಲಲ್ಲಿ ನಿಂತಿದ್ದ ಕಾಕಾನ ಮೇಲೆ ಬಿತ್ತು. ಯಾವ ಊರು, ಏನು ಕೆಲಸ ಎಂದು ಸುಮ್ಮನೆ ಕೇಳಿದರು.

ಬೆಂಗಳೂರಿನಲ್ಲಿ, ಕನ್ನಡದ ಕಚೇರಿಯಲ್ಲಿ, ಕನ್ನಡದ ಸಾಹೇಬರು ಅವನನ್ನು ಕನ್ನಡದಲ್ಲಿ ಮಾತಾಡಿಸಿದ್ದರು. ಕಾಕಾನ ಮುಖ ಅರಳಿತು. ಪುಸ್ತಕದ ಕನ್ನಡವೆಲ್ಲ ಮರೆತೇಹೋಯಿತು.

"ಜಹೀರಾಬಾದ್ ಬಾಜೂಕೇ ಅದರಿ ನಮ್ಮೂರ. ಶುಂಠಿ ಹಾಕ್ತೀವಿ, ಆಲೂಗಡ್ಡಿ ಹಾಕ್ತೀವ್ರಿ. ಈ ಪೋರಿ ಬಿಲ್ಕುಲ್ ಹುಷಾರ್ ಅದಾಳ್ರಿ ಸಾಹೇಬ್ರ, ಓದಾಕ ಜರಾ ಜಾಗಾ ಸಿಕ್ರ ಸಾಕು."

ಸಾಹೇಬರು ಪೆನ್ನು ಕೆಳಗಿಟ್ಟು ಮೇಡಂ ಕಡೆ ನೋಡಿ ನಕ್ಕರು. "ಇದು ಹಿಂದಿನೋ ಮರಾಠಿನೋ? ಮನೇಲಿ ಮಾತಾಡೋದು ಇದಾದ್ರೆ, ಮನೆಮಾತು ಕನ್ನಡ ಅಂತ ನಾನು ಹೇಗೆ ಬರೀಲಿ?"

ನಾನು ಕಾಕಾನ ಕಡೆ ನೋಡಿದೆ. ಈಗ ಶುರುವಾಗುತ್ತದೆ ಜಗಳ ಎಂದುಕೊಂಡೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಊಟದ ಹೊತ್ತಿನಲ್ಲಿ ಊರನ್ನೆಲ್ಲ ಎದುರು ಹಾಕಿಕೊಂಡವನು ಇವನು. ಆದರೆ ಅವನು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ನೆಲ ನೋಡುತ್ತಾ ನಿಂತ. ಒಂದು ಮಾತು ಆಡಿದರೆ ನನ್ನ ಸೀಟು ಹೋದೀತೆಂದು ಹೆದರಿದ್ದ. ಕಾಕಾ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಸಿಟ್ಟಿನ ಬಗ್ಗೆ ಇಷ್ಟು ಹೊತ್ತು ಹೇಳಿದೆನಲ್ಲ, ಅದು ಅಲ್ಲೇ ದಿಕ್ಕು ಬದಲಿಸಿತು. ಸೀಟು ನೆನಪಾಗಲಿಲ್ಲ, ಎಮ್ಮೆ ನೆನಪಾಗಲಿಲ್ಲ.

"ಇದು ಕನ್ನಡ ಅಲ್ಲದಿದ್ರ ಮತ್ತೇನದರಿ?" ಎಂದೆ. "ನಮ್ಮ ಆಯಿ ನಮಗ ಜೋಗುಳ ಹಾಡಿದ್ದು ಇದ್ರಾಗೇ. ನಮ್ಮ ದನ ಕರೆದ್ರ ಬರೋದು ಇದ್ರಾಗೇ. ಇಂವ ಮಂದಿ ಕಡಿಂದ ನಗಿಸ್ಕೊಂಡು, ನನ್ನ ಕಡಿಂದ ಬೈಸ್ಕೊಂಡು ಉಳಿಸಿದ್ದೂ ಇದನ್ನೇ. ನಿಮಗ ತಿಳೀದಿದ್ರ ಇನ್ನೊಮ್ಮೆ ಹೇಳ್ರಿ ಅನ್ನಬೇಕು. ನಗಬಾರದ್ರಿ."

ಸೀಟು ಹೋಯಿತೆಂದು ಆಗ ಹೊಳೆಯಿತು. ಮೇಡಂ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ಸಹಿ ಹಾಕಿ ಸಾಹೇಬರ ಮುಂದೆ ತಳ್ಳಿದರು. "ಹಾಕಿ ಸಾರ್. ಇಷ್ಟು ಚೆನ್ನಾಗಿ ಜಗಳ ಆಡೋಕೆ ಬೇರೆಯವರ ಭಾಷೇಲಿ ಆಗಲ್ಲ." ಸಾಹೇಬರು ಕೆಂಪಗಾಗಿ ಸಹಿ ಹಾಕಿದರು. ಆ ಸಹಿಯ ಬಲದಿಂದ ಇವತ್ತು ನಾನು ಪಶುವೈದ್ಯ ಕಾಲೇಜಿನಲ್ಲಿದ್ದೇನೆ.

ವಾಪಸು ಬರುವ ರೈಲು ಯಲಹಂಕ ದಾಟಿತು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಉಪ್ಪಿನಕಾಯಿ ಬಿಚ್ಚಿ ತಾಟಿಗೆ ಹಾಕಿಕೊಂಡೆವು. ಎದುರಿನ ಸೀಟಿನವರು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಅವನು ನನ್ನ ಮುಖ ನೋಡಿದ. ಅವರು ಕೇಳಿದ್ದು ಕನ್ನಡದಲ್ಲಿ. ಆದರೂ ನನ್ನ ಮುಖ ನೋಡಿದ. ಉತ್ತರ ನಾನೇ ಹೇಳಿದೆ.

ಅರ್ಧ ರೊಟ್ಟಿ ಮುಗಿದ ಮೇಲೆ ಕಿಟಕಿಯ ಕಡೆ ನೋಡುತ್ತಾ, ನನಗಷ್ಟೇ ಕೇಳುವಂತೆ ಕೇಳಿದ. "ಖರೇ ಹೇಳವ್ವಾ. ನಾ ಮಾತಾಡೋದು ಕನ್ನಡ ಹೌದಲ್ಲ?"

"ಬಿಲ್ಕುಲ್ ಕನ್ನಡ, ಕಾಕಾ" ಎಂದೆ.

ಅಂದ ಮೇಲೆ ಗೊತ್ತಾಯಿತು. ರೂಢಿಯಂತೆ ನನ್ನ ತಾಟನ್ನು ಅವನ ಕಡೆ ತಳ್ಳಿದೆ. ಕಾಕಾ ಅದನ್ನು ಮುಟ್ಟಲಿಲ್ಲ. ತನ್ನ ಪಾಲಿನ ಉಪ್ಪಿನಕಾಯಿ ತೆಗೆದು ನನ್ನ ರೊಟ್ಟಿಯ ಮೇಲೆ ಹಾಕಿದ.