ಪ್ರಾಯೋಜಿತ ಪತಿ

ಖಾಯಂ ಎಂಬ ಪದಕ್ಕೆ ನಿಘಂಟು ಏನೇ ಅರ್ಥ ಕೊಡಲಿ, ವಲಸೆ ಕಚೇರಿಯವರ ಪ್ರಕಾರ ಅದರ ಅರ್ಥ ‘ಸದ್ಯಕ್ಕೆ’. ಪರದೇಶದಲ್ಲಿ ಖಾಯಂ ವಾಸದ ಪರವಾನಗಿ ಪಡೆದವನು ಬಹಳ ಕಾಲ ಆ ದೇಶದ ಹೊರಗೇ ಉಳಿದುಬಿಟ್ಟರೆ ಪರವಾನಗಿ ತಾನಾಗಿ ಸತ್ತುಹೋಗುತ್ತದಂತೆ. ನನ್ನದು ಹಾಗೆಯೇ ಸತ್ತಿತು. ಅಣ್ಣತಮ್ಮಂದಿರ ನಡುವೆ ಮನೆಯ ಪಾಲು ಬಗೆಹರಿಸಿ ಬರುತ್ತೇನೆಂದು ಊರಿಗೆ ಹೋಗಿದ್ದೆ. ಪಾಲು ಬಗೆಹರಿಯಲಿಲ್ಲ, ಅಕ್ಕನ ಮನೆಯ ಉಪಚಾರ ಮಾತ್ರ ಸಾಂಗವಾಗಿ ನಡೆಯಿತು. “ಇನ್ನೊಂದು ತಿಂಗಳು ಇರೋ” ಎಂದು ಅವಳು ಅನ್ನುತ್ತಲೇ ಇದ್ದಳು, ನಾನು ಇರುತ್ತಲೇ ಇದ್ದೆ. ಹೀಗೆ ನನ್ನ ವಾಸವು ಪ್ರವಾಸವಾಗಿ, ಸ್ವಂತ ಹೆಂಡತಿಯ ಮನೆಗೆ ಸಂದರ್ಶಕರ ವೀಸಾ ಹಿಡಿದು ಬಂದಿಳಿದೆ. (ಹೊಸ ಅಳಿಯ ಕೂಡ ಮಾವನ ಮನೆಗೆ ಇಷ್ಟೊಂದು ಕಾಗದಪತ್ರ ಹೊತ್ತು ಹೋಗುವುದಿಲ್ಲ.)

ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷಿಸುವ (ಮನೆಯಲ್ಲಿ ನನ್ನದನ್ನು ಹೀರುವ) ನನ್ನಾಕೆ ಈ ದೇಶದ ಪ್ರಜೆ. ಇಲ್ಲಿನ ಭಾಷೆ ಕಲಿತು, ಪರೀಕ್ಷೆ ಬರೆದು, ಪ್ರಮಾಣವಚನ ಸ್ವೀಕರಿಸುವಾಗ ಅವಳು ನನ್ನನ್ನೂ ಕರೆದಿದ್ದಳು. “ನಾನು ಹುಟ್ಟಿನಿಂದಲೇ ನಾಗರಿಕ, ಅದಕ್ಕೊಂದು ಪರೀಕ್ಷೆ ಯಾಕೆ?” ಎಂದು ಹಾಸ್ಯ ಮಾಡಿದ್ದೆ. ಕಾನ್ವೆಂಟ್ ಇಂಗ್ಲಿಷಿನ ಗತ್ತಿನಲ್ಲಿ ಭಾಷೆಯನ್ನೂ ಕಲಿಯಲಿಲ್ಲ. ನಮಸ್ಕಾರ, ಕ್ಷಮಿಸಿ, ಬಸ್ಸು ಹೋಯಿತೇ, ಇಷ್ಟರಲ್ಲೇ ನನ್ನ ಸಂಸಾರ ಸಾಗಿತ್ತು.

“ಇನ್ನೇನಿದ್ರೂ ಪ್ರಜೆಯ ಗಂಡ ಅಂತ ಹೊಸದಾಗಿ ಅರ್ಜಿ ಹಾಕ್ಬೇಕು. ನಾನೇ ನಿಮ್ಮ ಸ್ಪಾನ್ಸರ್” ಎಂದಳು.

“ಸ್ಪಾನ್ಸರ್ ಅಂದ್ರೆ?”

“ನಿಮ್ಮ ಊಟ, ವಸತಿ, ಬಟ್ಟೆಬರೆ ಎಲ್ಲಾ ನನ್ನ ಜವಾಬ್ದಾರಿ ಅಂತ.”

“ಇಷ್ಟು ವರ್ಷ ಅದೇ ತಾನೆ ನಡೀತಿದ್ದಿದ್ದು?”

“ನಡೀತಿತ್ತು. ಈಗ ಸರ್ಕಾರಕ್ಕೂ ಗೊತ್ತಾಗುತ್ತೆ.”

ಹೀಗೆ, ಟೀವಿ ಧಾರಾವಾಹಿಗಳಿಗಿರುವಂತೆ ನನಗೂ ಒಬ್ಬ ಪ್ರಾಯೋಜಕರು ದೊರೆತರು. ಇನ್ನು ಉಳಿದದ್ದು ಸಂದರ್ಶನ. ಈ ಸಂದರ್ಶಕನು ಆ ಸಂದರ್ಶನದಲ್ಲಿ ತೇರ್ಗಡೆಯಾಗದಿದ್ದರೆ ವೀಸಾ ಮುಗಿದ ಕೂಡಲೇ ಗಂಟುಮೂಟೆ ಕಟ್ಟಬೇಕು. ಮತ್ತೆ ಅವಳಿಲ್ಲಿ, ನಾನಲ್ಲಿ. ಊರಿನಲ್ಲಿದ್ದಷ್ಟು ದಿನ ನನ್ನನ್ನು ಬೈಯುವವರೇ ಇರಲಿಲ್ಲ. ಅದೆಂಥ ದೊಡ್ಡ ಕೊರತೆ ಎಂಬುದು ನನ್ನಂತೆ ಬೈಸಿಕೊಂಡು ಬೆಳೆದ ಗಂಡಸಿಗೇ ಗೊತ್ತು. ಆದ್ದರಿಂದ ತೇರ್ಗಡೆಯಾಗಲೇಬೇಕಿತ್ತು.

ತೊಡಕು ಎದುರಾದದ್ದು ಸಾಕ್ಷ್ಯದಲ್ಲಿ. ಮದುವೆ ನಿಜವಾದದ್ದೆಂದು ತೋರಿಸಲು ಬೇರೆ ಬೇರೆ ವರ್ಷಗಳಲ್ಲಿ ಇಬ್ಬರೂ ಜೊತೆಗಿರುವ ಫೋಟೋಗಳು ಬೇಕಂತೆ. ನಮ್ಮ ಕಪಾಟಿನಲ್ಲಿ ಆಲ್ಬಮ್ಮುಗಳಿಗೇನೂ ಬರವಿಲ್ಲ. ಹೆಂಡತಿ ಕಾರಂಜಿಯ ಮುಂದೆ, ಹೆಂಡತಿ ಸೇತುವೆಯ ಮೇಲೆ, ಹೆಂಡತಿ ಯಾರದೋ ಕುದುರೆ ಪ್ರತಿಮೆಯ ಕೆಳಗೆ. ಆದರೆ ಗಂಡ? ಅವನು ಕ್ಯಾಮೆರಾದ ಹಿಂದಿದ್ದ. ಛಾಯಾಗ್ರಹಣ ನನ್ನ ಹುಚ್ಚು. ನನ್ನ ಕ್ಯಾಮೆರಾವನ್ನು ಪರರ ಕೈಗೆ ಕೊಡುವುದಾಗಲಿ, ತೋಳು ಚಾಚಿ ಸೆಲ್ಫಿ ಹೊಡೆಯುವುದಾಗಲಿ ನನ್ನ ಕಲೆಗೆ ಅವಮಾನವೆಂದು ನಂಬಿದವನು ನಾನು. ನಾನಿರುವುದು ಮದುವೆಯ ಫೋಟೋ ಒಂದರಲ್ಲೇ. ಅಲ್ಲಿ ಸೊಂಪಾದ ಕೂದಲು, ಪೊದೆಮೀಸೆ. ಅವನೇ ಇವನೆಂದು ನಂಬಿಸಲು ಬೇರೊಂದು ಅರ್ಜಿ ಹಾಕಬೇಕಿತ್ತು.

ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು.

“ಒಂದೇ ದಿನ ಕೂತು ಎಲ್ಲಾ ವರ್ಷದ್ದೂ ತೆಗೆದ್ಬಿಡೋಣ ಕಣೇ. ಬಟ್ಟೆ ಬದಲಾಯಿಸ್ತಾ ಹೋದ್ರಾಯ್ತು.”

“ಇರೋ ಗಂಡನಿಗೆ ಇಲ್ಲದ ಸಾಕ್ಷಿ ಯಾಕ್ರೀ? ಹೋಗಿ ನಿಜ ಹೇಳೋಣ.”

“ನಿಜಾನ ಯಾವ ಆಫೀಸಿನಲ್ಲಿ ನಂಬ್ತಾರೆ?”

“ಸಿಕ್ಕಿಹಾಕ್ಕೊಂಡ್ರೆ ನನ್ನ ಕಡೆ ನೋಡ್ಬೇಡಿ, ಅಷ್ಟೆ.”

ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ದರ್ಜಿಯನ್ನು ಕರೆತಂದು, ಎದೆ ಗಟ್ಟಿ ಮಾಡಿಕೊಂಡು, ಕ್ಯಾಮೆರಾ ಅವನ ಕೈಗಿತ್ತೆ. ಮೊದಲು ತಲೆಗೆ ಕಪ್ಪು ಬಣ್ಣ ಬಳಿದುಕೊಂಡು ಯೌವನದ ಚಿತ್ರಗಳು. ಆಮೇಲೆ ಅಲ್ಲಲ್ಲಿ ಪೌಡರ್ ಉದುರಿಸಿಕೊಂಡು ಮಧ್ಯವಯಸ್ಸು. ಕೊನೆಗೆ ತಲೆ ತೊಳೆದುಕೊಂಡು ಬಂದು ವರ್ತಮಾನ. ನಡುನಡುವೆ ಸ್ವೆಟರು, ಟೋಪಿ, ಕಪ್ಪು ಕನ್ನಡಕ. ಕಿಟಕಿಯ ಪಕ್ಕ ಬೆಳಕು ಚೆನ್ನಾಗಿದೆಯೆಂದು ಅಲ್ಲೇ ಕೂರಿಸಿದವನೂ ನಾನೇ.

“ಸ್ವಲ್ಪ ಹತ್ತಿರ ಬಾರೇ, ಇದು ನಾವು ಹೊಸದಾಗಿ ಬಂದ ವರ್ಷ.”

“ಹೊಸದಾಗಿ ಬಂದ ವರ್ಷ ನಾವು ಮಾತೇ ಆಡ್ತಿರ್ಲಿಲ್ಲ. ನನ್ನ ಸೂಟ್‌ಕೇಸ್ ಟ್ಯಾಕ್ಸಿಯಲ್ಲಿ ಬಿಟ್ಟು ಬಂದಿದ್ರಿ.”

“ಅಧಿಕಾರಿಗೆ ಅದೆಲ್ಲಾ ಗೊತ್ತಾಗಲ್ಲ. ನಗು.”

ದರ್ಜಿಗೆ ವೃತ್ತಿಧರ್ಮ ಬಿಡಲಿಲ್ಲ. ಪ್ರತಿ ಚಿತ್ರದಲ್ಲೂ ನಮ್ಮ ಭುಜದ ಹೊಲಿಗೆ ಸ್ಪಷ್ಟ, ಮುಖ ತುಸು ಮಸುಕು. ಅದೂ ಒಳ್ಳೆಯದೇ ಎಂದುಕೊಂಡು, ವರ್ಷವಾರು ಜೋಡಿಸಿ ಆಲ್ಬಮ್ ಸಿದ್ಧಪಡಿಸಿದೆ.

ಸಂದರ್ಶನದ ಕೋಣೆಯಲ್ಲಿ ಮೇಜಿನಾಚೆ ಓದುವ ಕನ್ನಡಕ ಧರಿಸಿದ ಅಧಿಕಾರಿಣಿ, ಈಚೆ ನಾವಿಬ್ಬರು. ಆಕೆ ಆಲ್ಬಮ್ಮಿನ ಪುಟಗಳನ್ನು ನಿಧಾನವಾಗಿ ಮಗುಚಿದರು. ಆಮೇಲೆ ಹಿಂದಕ್ಕೆ ಮಗುಚಿದರು. ನಾನು ಬೀಗುತ್ತಾ ಕುಳಿತಿದ್ದೆ. ಆಕೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ನನಗಾಗಿ ಇಂಗ್ಲಿಷಿನಲ್ಲಿ, ಅತಿ ವಿನಯದಿಂದ ಕೇಳಿದರು: “ನಿಮ್ಮ ಎದುರುಮನೆಗೆ ಬಣ್ಣ ಬಳಿಯಲು ಎಷ್ಟು ವರ್ಷ ಹಿಡಿಯಿತು?”

ನನಗೆ ಅರ್ಥವಾಗಲಿಲ್ಲ. ಆಕೆ ಬೆರಳಿಟ್ಟು ತೋರಿಸಿದರು. ನಮ್ಮ ಹೆಗಲುಗಳ ನಡುವೆ ಕಿಟಕಿ, ಕಿಟಕಿಯಾಚೆ ಎದುರುಮನೆಯ ಗೋಡೆ, ಗೋಡೆಗೊಂದು ಏಣಿ, ಏಣಿಯ ಮೇಲೆ ಪೇಂಟರ್. ನಾವು ಈ ದೇಶಕ್ಕೆ ಬಂದ ವರ್ಷ ಅವನು ಮೇಲಿನ ಮೂಲೆಯಲ್ಲಿದ್ದ. ನನ್ನ ಕೂದಲು ನೆರೆಯತೊಡಗಿದಾಗ ಅರ್ಧ ಗೋಡೆ ಮುಗಿಸಿದ್ದ. ಈ ವರ್ಷದ ಹೊತ್ತಿಗೆ ಏಣಿಯಿಂದಿಳಿದು, ಕುಂಚ ಹಿಡಿದು ನೇರವಾಗಿ ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದ. ಜೀವಮಾನವಿಡೀ ಕ್ಯಾಮೆರಾದ ಹಿಂದೆ ನಿಂತು, ಪರರ ತಲೆಯ ಹಿಂದೆ ಕಂಬ ಬಂತೇ ಗಿಡ ಬಂತೇ ಎಂದು ಜಾಲಾಡಿದ ನಾನು, ಮುಂದೆ ಬಂದ ದಿನವೇ ಒಬ್ಬ ಇಡೀ ಮನುಷ್ಯನನ್ನು, ಏಣಿಸಮೇತ, ಒಳಬಿಟ್ಟುಕೊಂಡಿದ್ದೆ.

“ಸುಳ್ಳು ದಾಖಲೆಗೆ ಅರ್ಜಿ ತಿರಸ್ಕರಿಸಬಹುದು. ನಿಮಗೆ ಗೊತ್ತಲ್ಲವೇ?” ಎಂದರು ಅಧಿಕಾರಿಣಿ.

ಕಾನ್ವೆಂಟಿನಲ್ಲಿ ಮಾಡದ ತಪ್ಪಿಗೂ ಸಾರಿ ಹೇಳಲು ಕಲಿಸಿದ್ದರು. ಮಾಡಿದ ತಪ್ಪಿಗೆ ಒಂದು ಅಕ್ಷರವೂ ಹೊರಡಲಿಲ್ಲ. ಅವಳ ಕಡೆ ನೋಡಬಾರದೆಂದು ಕರಾರಾಗಿತ್ತು, ಆದರೂ ನೋಡಿದೆ.

ನನ್ನಾಕೆ ನಿಟ್ಟುಸಿರುಬಿಟ್ಟು, ಕಾಲ ಬಳಿಯಿದ್ದ ಚೀಲದಿಂದ ಹಳೆಯ ಆಲ್ಬಮ್ಮುಗಳನ್ನೆಲ್ಲಾ ತೆಗೆದು ಮೇಜಿನ ಮೇಲೆ ಪೇರಿಸಿದಳು. ಅವನ್ನು ಯಾವಾಗ ಚೀಲಕ್ಕೆ ತುಂಬಿದ್ದಳೋ ದೇವರೇ ಬಲ್ಲ. ಮತ್ತೆ ಇಲ್ಲಿನ ಭಾಷೆಯಲ್ಲಿ ಮಾತು ಶುರುಮಾಡಿದಳು. ನನಗೆ ಗೊತ್ತಿದ್ದ ಮೂರು ಮಾತುಗಳಲ್ಲಿ ಒಂದೂ ಬರಲಿಲ್ಲ. ಅವಳ ಕೈ ಒಮ್ಮೆ ಸೂಟ್‌ಕೇಸಿನ ಆಕಾರ ಬರೆಯಿತು. ಒಮ್ಮೆ ನನ್ನ ತಲೆಯತ್ತ ತೋರಿಸಿ ಬಣ್ಣ ಬಳಿಯುವಂತೆ ಆಡಿತು. ಅಧಿಕಾರಿಣಿ ಮೊದಲು ತುಟಿ ಕಚ್ಚಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದುಃಖದಿಂದಲ್ಲ ಎಂಬುದು ಸ್ಪಷ್ಟವಾಗಿತ್ತು. ನನ್ನ ದಾಂಪತ್ಯದ ಸಮಗ್ರ ಇತಿಹಾಸ ನನ್ನೆದುರೇ ಬಿಡುಗಡೆಯಾಗುತ್ತಿತ್ತು, ಅಧ್ಯಕ್ಷತೆ ವಹಿಸಿದ್ದ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆಕೆ ಹಳೆಯ ಆಲ್ಬಮ್ಮುಗಳ ಪುಟ ಮಗುಚಿದರು. ಕಾರಂಜಿಯ ಮುಂದೆ ಹುಬ್ಬು ಗಂಟಿಕ್ಕಿದ ಹೆಂಡತಿ. ಸೇತುವೆಯ ಮೇಲೆ ಸೊಂಟಕ್ಕೆ ಕೈಯಿಟ್ಟ ಹೆಂಡತಿ. ಕುದುರೆಯ ಕೆಳಗೆ, ಎಷ್ಟು ಹೊತ್ತು ನಿಲ್ಲಿಸ್ತೀರಿ ಎಂದು ಕಣ್ಣಿನಲ್ಲೇ ಉಗಿಯುತ್ತಿರುವ ಹೆಂಡತಿ. ವರ್ಷ ವರ್ಷಕ್ಕೂ ಮುಖಕ್ಕೆ ಒಂದೊಂದು ಗೆರೆ ಕೂಡಿದೆ, ನೋಟ ಮಾತ್ರ ಅದೇ.

“ಕ್ಯಾಮೆರಾ ಹಿಡಿದವರು ಇವರ ಗಂಡ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ” ಎಂದು ಆಕೆ ನನಗೆ ಇಂಗ್ಲಿಷಿನಲ್ಲಿ ಹೇಳಿದರು. “ಬೇರೆ ಯಾರನ್ನೂ ಯಾವ ಹೆಂಗಸೂ ಹೀಗೆ ನೋಡುವುದಿಲ್ಲ.”

ನನ್ನ ಆಲ್ಬಮ್ಮನ್ನು ಎರಡು ಬೆರಳಲ್ಲಿ ಹಿಡಿದು ನನಗೇ ಹಿಂತಿರುಗಿಸಿದರು. ಆಮೇಲೆ ನನ್ನಾಕೆಯ ಕಡೆ ತಿರುಗಿ ಗಂಭೀರವಾಗಿ ಏನೋ ವಿವರಿಸಿದರು. ಅವಳು ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ನನ್ನತ್ತ ಒಮ್ಮೆ ನೋಡಿ, ಉತ್ತರ ಕೊಟ್ಟಳು. ಇಬ್ಬರೂ ಕೈಕುಲುಕಿದರು.

ಬಸ್ ನಿಲ್ದಾಣ ತಲುಪುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

“ಕೊಟ್ರಾ, ಇಲ್ವಾ?”

“ಕೊಟ್ರು. ಎರಡು ವರ್ಷಕ್ಕೆ ಮಾತ್ರ. ಆಮೇಲೆ ನನ್ನೊಬ್ಬಳನ್ನೇ ಕರೆದು ಕೇಳ್ತಾರಂತೆ, ಈ ಗಂಡನ್ನ ಮುಂದುವರಿಸ್ತೀರಾ ಅಂತ.”

“ನೀನೇನಂದೆ?”

“ಯೋಚಿಸಿ ಹೇಳ್ತೀನಿ ಅಂದೆ.”

ಬಸ್ಸು ಬಂತು. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಹಾಯಾಗಿ ಕುಳಿತಳು.

“ಮದುವೆ ಮಾಡುವಾಗ ನಮ್ಮ ಮನೆಯಲ್ಲಿ ನನ್ನನ್ನ ಒಂದು ಸಲಾನೂ ಕೇಳ್ಲಿಲ್ಲ. ಇವರು ನೋಡಿ, ಇವತ್ತೊಂದು ಸಲ, ಆಮೇಲೊಂದು ಸಲ, ಎರಡೆರಡು ಸಲ ಕೇಳ್ತಾರೆ. ಒಳ್ಳೇ ದೇಶ ಕಣ್ರೀ ಇದು.”