ಕೀಲಿಮಣೆಗೆ ಕಾವಲು

ನಮ್ಮ ಮನೆಯ ಕಂಪ್ಯೂಟರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿಯೂ ನಕ್ಕಳು. ಆದರೆ ಸಂಜೆ ಸರಿಯಾಗಿದ್ದ ಕೀಲಿಮಣೆ ಬೆಳಗಾಗುವುದರೊಳಗೆ ತಾನಾಗಿಯೇ ಕನ್ನಡ ಮರೆತು ಇಂಗ್ಲಿಷಿನಲ್ಲಿ ಬಡಬಡಿಸಲು ಶುರುಮಾಡಿದರೆ ಅದಕ್ಕೆ ಬೇರೆ ಯಾವ ಹೆಸರಿಡಬೇಕು, ನೀವೇ ಹೇಳಿ.

ನಾನು ಸಾಮಾನ್ಯ ಮನುಷ್ಯನಲ್ಲ. (ಹೆಂಡತಿಯೂ ಇದನ್ನು ಒಪ್ಪುತ್ತಾಳೆ, ಬೇರೆ ಅರ್ಥದಲ್ಲಿ.) ಇಪ್ಪತ್ತಾರು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದವನು. ಒಂದು ಉದ್ದನೆಯ ಕೋಣೆ, ಹನ್ನೆರಡು ಟೈಪ್‌ರೈಟರು, ಎರಡು ನಿಯಮ. ಮೊದಲನೆಯದು, ಯಂತ್ರವನ್ನು ಒರೆಸದೆ ಅದರ ಮುಂದೆ ಕೂರಬಾರದು. ಎರಡನೆಯದು, ಟೈಪ್ ಮಾಡುವಾಗ ಕಣ್ಣು ಪಕ್ಕದ ಹಾಳೆಯ ಮೇಲೇ ಇರಬೇಕು, ಅತ್ತಿತ್ತ ಹೋಗಬಾರದು. ಈಗ ಕ್ಲಾಸೂ ಇಲ್ಲ, ಟೈಪ್‌ರೈಟರೂ ಇಲ್ಲ. ಉಳಿದಿರುವುದು ಆ ಎರಡು ನಿಯಮ, ಒಂದು ಹಳದಿ ಬಟ್ಟೆ ಮತ್ತು ನಾನು.

ನನ್ನ ಹೆಂಡತಿಗೆ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ. ನೆಲಮಾಳಿಗೆ, ಕಿಟಕಿಯಿಲ್ಲ, ಸೂರಿನವರೆಗೂ ಹಳೆಯ ಫೈಲುಗಳು. ಒಂದೊಂದು ಫೈಲು ಎಳೆದಾಗಲೂ ಒಂದೊಂದು ಹಿಡಿ ಧೂಳು. ಹನ್ನೊಂದು ವರ್ಷದಿಂದ ಸೀನುತ್ತಿದ್ದಳು. ಮನೆಗೆ ಬಂದ ಮೇಲೂ ಊಟದ ನಡುವೆ, ಮಾತಿನ ನಡುವೆ, ಜಗಳದ ನಡುವೆಯೂ ಸೀನು. (ಜಗಳದ ನಡುವಿನ ಸೀನು ನನಗೆ ಉಸಿರು ತೆಗೆದುಕೊಳ್ಳಲು ಸಿಗುತ್ತಿದ್ದ ಏಕೈಕ ಅವಕಾಶ.) ಈಗ ಮೇಲಿನ ಮಹಡಿಯಲ್ಲಿ ಕಿಟಕಿಯ ಪಕ್ಕದ ಒಂದು ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿ ಬೇಕೆಂದರೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಬೇಕು, ನಿಮಿಷಕ್ಕೆ ಮೂವತ್ತು ಪದ.

“ಈ ಸಲ ತಪ್ಪಿದ್ರೆ ನಾನು ರಿಟೈರ್ ಆಗೋವರೆಗೂ ಆ ಗುಹೆಯಲ್ಲೇ ಇರಬೇಕು ಕಣ್ರೀ,” ಎಂದಳು. ಅದನ್ನು ಹೇಳುವಾಗ ಅವಳು ಸೀನಲಿಲ್ಲ. ಆದ್ದರಿಂದ ಮಾತು ಗಂಭೀರವಾದದ್ದೆಂದು ನನಗೆ ತಿಳಿಯಿತು.

“ನಾನಿರುವಾಗ ನಿನಗೇಕೆ ಚಿಂತೆ,” ಎಂದೆ. ಅವಳ ಮುಖ ನೋಡಿದರೆ ಚಿಂತೆ ಅಲ್ಲಿಂದಲೇ ಶುರುವಾದ ಹಾಗಿತ್ತು.

ಮರುದಿನ ಬೆಳಿಗ್ಗೆಯೇ ತಾಲೀಮು ಆರಂಭವಾಯಿತು. ಸೀನುವ ಹೆಂಗಸಿನ ಮುಂದೆ ಧೂಳು ಇರಬಾರದಲ್ಲ, ಅವಳು ಅಡುಗೆಮನೆಯಲ್ಲಿರುವಾಗಲೇ ನಾನು ಹಳದಿ ಬಟ್ಟೆಯಿಂದ ಕೀಲಿಮಣೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒರೆಸಿ, ಅಂಚಿನಲ್ಲಿ ಅಂಗೈ ಒತ್ತಿ ಹೊಳಪು ಕೊಟ್ಟು ಸಿದ್ಧಪಡಿಸಿದೆ. ಅವಳು ಬಂದು ಕೂತಳು. ನಿಯಮದ ಪ್ರಕಾರ ಹಾಳೆಯ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ಒಂದೇ ಸಮನೆ ಟೈಪ್ ಮಾಡಿದಳು. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು.

“ಮುಗೀತು. ನೋಡಿ.”

ನೋಡಿದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೂ ಒಂದು ‘ಅ’ ಇಲ್ಲ, ಒಂದು ‘ಕ’ ಇಲ್ಲ.

“ಇದೇನೇ ಇದು?”

“ನನ್ನನ್ನ ಕೇಳಿದ್ರೆ? ಪರದೆ ಕಡೆ ನೋಡಬೇಡ ಅಂದಿದ್ದು ಯಾರು?”

“ನಿನ್ನ ಕಿರುಬೆರಳು ಎಲ್ಲೋ ಹಾದಿ ತಪ್ಪಿರಬೇಕು.”

“ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಹಾದಿ ತಪ್ಪಿದ್ದು ಕಿರುಬೆರಳು ಮಾತ್ರ ಅಂತ ಸಮಾಧಾನ ಪಟ್ಕೊಳ್ಳಿ,” ಎಂದು ಹೇಳಿ ಎದ್ದು ಕಚೇರಿಗೆ ಹೊರಟಳು.

ಕಾಲೇಜಿಗೆ ಹೋಗುವ ಮಗಳು ಬಂದು ಪರದೆಯ ಮೂಲೆಯಲ್ಲಿ ಏನನ್ನೋ ಕ್ಲಿಕ್ ಮಾಡಿ, “ಲೇಔಟ್ ಬದಲಾಗಿತ್ತು, ಅಷ್ಟೇ,” ಎಂದಳು. ಲೇಔಟ್ ಎಂದರೆ ಸೈಟು ಮಾರುವ ಜಾಗವೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂಬ ಏರ್ಪಾಡಿಗೂ ಅದೇ ಹೆಸರಂತೆ. ನಮ್ಮ ಕಂಪ್ಯೂಟರಿನಲ್ಲಿ ಅಂಥ ಏರ್ಪಾಡು ಎರಡಿವೆ, ಅವಳ ಕಾಲೇಜಿನ ಕೆಲಸಕ್ಕೆ ಇಂಗ್ಲಿಷು, ಅಮ್ಮನ ಪರೀಕ್ಷೆಗೆ ಕನ್ನಡ.

ಮಗಳು ಸರಿಮಾಡಿದ್ದು ಸಂಜೆಯವರೆಗೂ ಸರಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಒರೆಸಿ, ಹೆಂಡತಿಯನ್ನು ಕರೆದು ಕೂರಿಸಿದರೆ ಮತ್ತೆ ಇಂಗ್ಲಿಷು. ಅದರ ಮರುದಿನವೂ ಅದೇ ಹಾಡು. ನನ್ನ ಅನುಮಾನ ನೇರವಾಗಿ ಮಗಳ ಮೇಲೆ ಹೋಯಿತು.

“ನೀನು ಕೈ ಆಡಿಸ್ತಿದೀಯ.”

“ಅಪ್ಪಾ, ನಾನು ಏಳೋದೇ ಎಂಟು ಗಂಟೆಗೆ.”

“ಅಷ್ಟು ಬೇಗ ಉತ್ತರ ಯಾಕೆ ಬಂತು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.”

“ನಾನು ಹೆಗಲು ಮುಟ್ಕೊಂಡಿಲ್ಲ, ತಲೆ ಚಚ್ಕೊಂಡಿದೀನಿ,” ಎಂದು ಅವಳು ಹೋಗಿಬಿಟ್ಟಳು.

ಅನಿವಾರ್ಯವಾಗಿ ರಿಪೇರಿಯವನನ್ನು ಕರೆಸಿದೆ. ನಮ್ಮ ಬೀದಿಯಲ್ಲಿ ಅವನಿಗೆ ರೀಸ್ಟಾರ್ಟ್ ರಾಯರು ಎಂದು ಹೆಸರು. ಏನೇ ಕೆಟ್ಟಿರಲಿ, ಮೊದಲು ಆರಿಸಿ ಮತ್ತೆ ಹೊತ್ತಿಸುತ್ತಾನೆ. (ಮಿಕ್ಸಿ ಕೆಟ್ಟಾಗಲೂ ಅದನ್ನೇ ಮಾಡಿದ್ದ.) ಅರ್ಧ ಗಂಟೆ ಕಂಪ್ಯೂಟರಿನ ಒಳಗನ್ನೆಲ್ಲ ಜಾಲಾಡಿದ. ನಾನು ಅವನಿಗೆ ಕಾಫಿ ಮಾಡಲು ಒಳಗೆ ಹೋದಾಗ ನನ್ನ ಹೆಂಡತಿಗೆ ಏನೋ ಹೇಳಿಕೊಟ್ಟು, ಚೀಟಿಯಲ್ಲೂ ಬರೆದುಕೊಟ್ಟನಂತೆ. ಕಾಫಿ ಕುಡಿದು, “ಯಂತ್ರದಲ್ಲಿ ಏನೂ ದೋಷ ಇಲ್ಲ ಸಾರ್,” ಎಂದ. ಡಾಕ್ಟರು ಹೀಗೆಂದರೆ ಸಂತೋಷವಾಗುತ್ತದೆ, ರಿಪೇರಿಯವನು ಹೀಗೆಂದರೆ ಹೊಟ್ಟೆ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಮತ್ತೆ ಇಂಗ್ಲಿಷು. ಪರೀಕ್ಷೆಗೆ ಉಳಿದಿದ್ದು ನಾಲ್ಕೇ ದಿನ. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಕಾವಲು ಕೂರುವುದೆಂದು ತೀರ್ಮಾನಿಸಿ, ಒಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಕೀಲಿಮಣೆಯ ಹತ್ತಿರ ಸುಳಿದವರ ಹೆಸರನ್ನೆಲ್ಲ ಗಂಟೆ ಸಮೇತ ಬರೆಯತೊಡಗಿದೆ. ಆ ಐತಿಹಾಸಿಕ ದಾಖಲೆಯ ಮೊದಲ ಪುಟ ಹೀಗಿದೆ:

‘ಬೆಳಿಗ್ಗೆ ಆರೂ ಐವತ್ತು: ಪರಿಶೀಲಿಸಿದೆ. ಕನ್ನಡ ಇದೆ. ಏಳು ಗಂಟೆ: ಒರೆಸಿದೆ. ಏಳೂ ಐದು: ಹೆಂಡತಿ ಕೂತಳು. ಕನ್ನಡ ಇಲ್ಲ. ನಡುವೆ ಬಂದವರು: ಯಾರೂ ಇಲ್ಲ. ಅಪರಾಧಿ: ಅಗೋಚರ.’

ಎರಡನೆಯ, ಮೂರನೆಯ ದಿನದ ಪುಟಗಳಲ್ಲೂ ಅಕ್ಷರಶಃ ಇದೇ ಇದೆ. ಎಷ್ಟು ಸಲ ಓದಿದರೂ ಒಂದು ಸುಳಿವೂ ಸಿಗಲಿಲ್ಲ. ಹೆಂಡತಿಯಂತೂ ನನ್ನ ನೋಟ್‌ಬುಕ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಬಂದು ಕೂತು, ಮೊದಲ ಪದ ಟೈಪ್ ಮಾಡಿ, ಪರದೆ ನೋಡಿ, ಎರಡು ಕೀಲಿ ಟಕ್ಕೆಂದು ಒತ್ತಿ, ಮುಂದೆ ಹೋಗುತ್ತಿದ್ದಳು. ನನ್ನ ಎರಡನೆಯ ನಿಯಮ ಹೀಗೆ ಕಣ್ಣೆದುರೇ ಮುರಿದು ಬಿದ್ದದ್ದು ನನಗೆ ಸಂಕಟವಾಯಿತು.

“ಪರದೆ ನೋಡ್ತಿದೀಯ.”

“ಹೂಂ. ಈ ಮನೇಲಿ ನೋಡದೆ ಏನೂ ಮಾಡೋಕಾಗಲ್ಲ ಅಂತ ಗೊತ್ತಾಗಿದೆ.”

ಪರೀಕ್ಷೆಯ ದಿನ ಅವಳ ಜೊತೆ ನಾನೂ ಹೋದೆ. ಬೇಡವೆಂದಳು, ಆದರೂ ಹೋದೆ. ಹಾಲಿನ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ನನ್ನನ್ನು ನೋಡಿದ್ದೇ, “ಸಾರ್, ನೀವಾ,” ಎಂದು ಕೈ ಮುಗಿದಳು. ನನ್ನ ಕ್ಲಾಸಿನ ಹಳೆಯ ವಿದ್ಯಾರ್ಥಿನಿ. “ಬೆಲ್ ಆಗೋಕೆ ಇನ್ನೂ ಹೊತ್ತಿದೆ, ಒಳಗೆ ಬಂದು ನೋಡಿ ಸಾರ್,” ಎಂದಳು. ಹೆಂಡತಿ ಮತ್ತು ಉಳಿದ ಅಭ್ಯರ್ಥಿಗಳು ಹೊರಗೆ ಸಹಿ ಮಾಡಲು ಸಾಲಿನಲ್ಲಿ ನಿಂತಿದ್ದರು.

ಒಳಗೆ ಹೋದೆ. ಉದ್ದನೆಯ ಕೋಣೆ. ಹನ್ನೆರಡು ಕಂಪ್ಯೂಟರು. ಹನ್ನೆರಡು ಕೀಲಿಮಣೆ, ಒಂದೊಂದರ ಮೇಲೂ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ನನ್ನ ಹೆಂಡತಿ ಇದರ ಮುಂದೆ ಕೂತರೆ ಮೂವತ್ತು ಪದವಲ್ಲ, ಮೂವತ್ತು ಸೀನು. ಜೇಬಿನಿಂದ ಹಳದಿ ಬಟ್ಟೆ ತೆಗೆದೆ. ಅವಳ ಸಂಖ್ಯೆಯಿದ್ದ ಮೇಜನ್ನು ಹುಡುಕಿ ಒರೆಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತಾರು ವರ್ಷ ಸಾಲಿಗೆ ಸಾಲೇ ಒರೆಸಿದ ಕೈ, ಒಂದಕ್ಕೆ ಹೇಗೆ ನಿಂತೀತು? ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಅಂಚಿಗೆ ಅಂಗೈ. ಹನ್ನೆರಡನ್ನೂ ಲಕಲಕ ಹೊಳೆಯಿಸಿ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಎಷ್ಟೋ ವರ್ಷದ ಮೇಲೆ ಅಂಥ ತೃಪ್ತಿಯಾಗಿತ್ತು.

ಬೆಲ್ಲಾಯಿತು. ಹನ್ನೆರಡು ಜನ ಒಟ್ಟಿಗೆ ಶುರುಮಾಡಿದರು. ಅರ್ಧ ನಿಮಿಷವೂ ಆಗಿಲ್ಲ, ಒಂದು ಕೈ ಮೇಲೆದ್ದಿತು.

“ಮೇಡಂ, ಕನ್ನಡ ಬರ್ತಿಲ್ಲ.”

“ನಂದರಲ್ಲೂ ಇಂಗ್ಲಿಷ್ ಬರ್ತಿದೆ ಮೇಡಂ.”

ಹನ್ನೊಂದು ಕೈ ಮೇಲೆದ್ದವು. ಒಬ್ಬಾತ ಕೀಲಿಮಣೆಯನ್ನು ಮಗುಚಿ ನೋಡುತ್ತಿದ್ದ. ಮೇಲ್ವಿಚಾರಕಿ ಕಕ್ಕಾಬಿಕ್ಕಿ. ಈ ಗದ್ದಲದ ನಡುವೆ ಒಬ್ಬಳು ಮಾತ್ರ ತಲೆಯೆತ್ತದೆ ಟಕಟಕ ಟೈಪ್ ಮಾಡುತ್ತಿದ್ದಳು, ನನ್ನ ಹೆಂಡತಿ. ಮೊದಲ ಪದ, ಪರದೆಯ ಕಡೆ ಒಂದು ನೋಟ, ಎರಡು ಕೀಲಿ ಟಕ್, ಮುಂದಕ್ಕೆ. ಕೊನೆಗೆ ಕೈ ನಿಲ್ಲಿಸದೆಯೇ, “ಆಲ್ಟು, ಶಿಫ್ಟು ಎರಡನ್ನೂ ಒಟ್ಟಿಗೆ ಒತ್ತಿ. ಸರಿಹೋಗತ್ತೆ,” ಎಂದಳು. ಎಲ್ಲರೂ ಒತ್ತಿದರು. ಎಲ್ಲರದ್ದೂ ಸರಿಹೋಯಿತು. ಮೇಲ್ವಿಚಾರಕಿ ಗಡಿಯಾರ ನೋಡಿ, ಮತ್ತೆ ಮೊದಲಿನಿಂದ ಪರೀಕ್ಷೆ ಶುರುಮಾಡುವುದಾಗಿ ಹೇಳಿದಳು.

“ಬೆಳಿಗ್ಗೆ ನಾನೇ ಹನ್ನೆರಡನ್ನೂ ಕನ್ನಡಕ್ಕೆ ಹಾಕಿಟ್ಟಿದ್ದೆ,” ಎಂದು ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿಕೊಂಡಳು. “ಯಾರು ಮುಟ್ಟಿದ್ರೋ.”

ಹೆಂಡತಿಯ ಬೆರಳು ನಿಂತಿತು. ಮೆಲ್ಲಗೆ ತನ್ನ ಕೀಲಿಮಣೆಯ ಹೊಳಪು ನೋಡಿದಳು. ಪಕ್ಕದವರ ಕೀಲಿಮಣೆಯ ಹೊಳಪು ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ನನ್ನ ಕೈಯಲ್ಲಿದ್ದ ಹಳದಿ ಬಟ್ಟೆಯನ್ನು ನೋಡಿದಳು. ಮೂರು ದಿನ ಓದಿದರೂ ಅರ್ಥವಾಗದಿದ್ದ ನೋಟ್‌ಬುಕ್ಕು ನನಗೆ ಆಗ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಏಳು ಗಂಟೆ: ಒರೆಸಿದೆ. ಆ ಆಲ್ಟು, ಶಿಫ್ಟು ಇರುವುದು ನಾನು ಅಂಗೈ ಒತ್ತುವ ಅಂಚಿನಲ್ಲೇ. ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಗಿ ಮುಟ್ಟಿ ನೋಡಿಕೊಂಡಿತು.

ಪಾಸಾದಳು, ನಿಮಿಷಕ್ಕೆ ನಲವತ್ತೊಂದು ಪದ, ಹನ್ನೆರಡು ಜನರಲ್ಲಿ ಮೊದಲನೆಯವಳು. ಮನೆಗೆ ಬಂದು ನೋಟ್‌ಬುಕ್ಕನ್ನು ಮಗಳಿಗೆ ಕೊಟ್ಟು, “ಓದೇ, ಜೋರಾಗಿ ಓದು,” ಎಂದಳು. ಮಗಳು ಓದಿದಳು. ಇಬ್ಬರೂ ಸೋಫಾದ ಮೇಲೆ ಬಿದ್ದು ನಕ್ಕರು.

“ಬೇಲೀನೇ ಎದ್ದು ಹೊಲ ಮೇಯ್ತು ಅಂತಾರಲ್ಲ,” ಎಂದು ಕಣ್ಣೊರೆಸಿಕೊಂಡಳು ಹೆಂಡತಿ. “ಇದು ಮೇಯ್ದಿದ್ದನ್ನ ಗಂಟೆ ಸಮೇತ ಬರೆದೂ ಇಟ್ಟಿದೆ.”

“ನಿನಗೆ ಸೀನು ಬರಬಾರದು ಅಂತ ಒರೆಸಿದೆ ಕಣೇ,” ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿತು.

ಅವಳು ನಗು ನಿಲ್ಲಿಸಿ ಒಂದು ಗಳಿಗೆ ನನ್ನನ್ನು ನೋಡಿದಳು. “ಗೊತ್ತು ರೀ,” ಎಂದಳು. ಎಷ್ಟು ಮೃದುವಾಗಿ ಎಂದಳೆಂದರೆ ನಾನು ಮೋಸಹೋದೆ. “ಅಷ್ಟು ಪ್ರೀತಿಯಿಂದ ಒರೆಸೋ ಕೈ ಬರೀ ಒಂದು ಕೀಬೋರ್ಡಿಗೆ ಯಾಕೆ ವ್ಯರ್ಥ ಆಗಬೇಕು?”

ಅವಳೀಗ ಕಿಟಕಿಯ ಪಕ್ಕ ಕೂರುತ್ತಾಳೆ, ಸೀನುವುದಿಲ್ಲ. ಜಗಳದ ನಡುವೆ ನನಗೆ ಬಿಡುವೂ ಸಿಗುವುದಿಲ್ಲ. ನಮ್ಮ ಮನೆಯ ಒಂಬತ್ತು ಕಿಟಕಿ, ನಾಲ್ಕು ಫ್ಯಾನು, ಎರಡು ಬೀರು, ಬೀರುವಿನ ಮೇಲಿನ ಹಳೆಯ ಸೂಟ್‌ಕೇಸು, ಎಲ್ಲವೂ ಹಳದಿ ಬಟ್ಟೆಯ ಅಧೀನಕ್ಕೆ ಬಂದಿವೆ. ಕೀಲಿಮಣೆಯೊಂದನ್ನು ಬಿಟ್ಟು. ಅದರ ಮೇಲೆ ಮಗಳು ‘ಅಪ್ಪ ಮುಟ್ಟಬಾರದು’ ಎಂದು ಚೀಟಿ ಅಂಟಿಸಿದ್ದಾಳೆ.

ಇಂದು ಬೆಳಿಗ್ಗೆ ಕೆಲಸವೆಲ್ಲ ಮುಗಿಸಿ, ಬಟ್ಟೆಯಲ್ಲಿ ಇನ್ನೂ ಸ್ವಲ್ಪ ಶುಚಿ ಉಳಿದಿತ್ತೆಂದು ಸೋಫಾದ ಮೇಲಿದ್ದ ಒಂದು ಸಣ್ಣ ವಸ್ತುವನ್ನೂ ಒರೆಸಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಹಾಲಿನಲ್ಲಿ ಟಿವಿಯ ವಾರ್ತೆಯವಳು ನನಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದಾಳೆ. ಹೆಂಡತಿ ಎದ್ದು ಈ ಕಡೆಗೇ ಬರುತ್ತಿರುವ ಸದ್ದು ಕೇಳುತ್ತಿದೆ.

“ರೀ, ರಿಮೋಟ್ ಒರೆಸಿದ್ರಾ?”