ಬಾಂಡ್ ರೈಟರ್ ಪಾರೀಸನ ತಾಲೀಮು ಕರಾರು

"ಮೂರು ತಿಂಗಳು! ಮೂರ ಮೂರು ತಿಂಗಳದಾಗ ಈ ಹೊಟ್ಟಿ ಕರಗಿಸಿ, ಮದಿವಿ ಕೋಟಿನ ಗುಂಡಿ ಹಾಕಿ ತೋರಸಲಿಲ್ಲಂದ್ರ ನನ್ನ ಹೆಸರು ಪಾರೀಸ ಅಲ್ಲ!"

೧೯೭೮ರ ದೀಪಾವಳಿಯ ಮರುದಿನ ಖಾನಾಪುರದ ಬಾಂಡ್ ರೈಟರ್ ಪಾರೀಸ ಹೀಗೆ ಗರ್ಜಿಸಿದಾಗ ಹೆಂಡತಿ ರತ್ನಮಾಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಹಂಗಾರ ಏನಂತ ಹೆಸರು ಇಡೂಣ್ರಿ?" ಎಂದಳು.

ಪಾರೀಸ ಸಾಮಾನ್ಯ ಆಸಾಮಿಯಲ್ಲ. ತಾಲೂಕಿನ ಅರ್ಧ ಹೊಲಮನೆಗಳು ಅವನ ಲೇಖನಿಯ ಮೂಲಕವೇ ಕೈ ಬದಲಿಸಿದ್ದವು. ಬಂದ ರೈತರಿಗೆಲ್ಲ "ಓದದ ಸಹಿ ಮಾಡಿದವ ಕಣ್ಣಿದ್ದೂ ಕುರುಡ!" ಎಂದು ಉಪದೇಶ ಬೇರೆ.

ಅಂಥ ಮಹಾನುಭಾವ ಬೆಳಗಾವಿಗೆ ಮುಂಜಾನೆಯ ರೈಲು ಹತ್ತಿದ. ದೇಸೂರ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಅರ್ಧ ಪೈಲ್ವಾನನಾಗಿದ್ದ. ಬೆಳಗಾವಿಯ ಕೋಟೆಯ ಬಾಜೂಕೆ ಕುಸ್ತಿ ಕಲಿಸುವ ವಸ್ತಾದ ಮಾಯಪ್ಪನ ತಾಲೀಮು, ಅಂದರೆ ಗರಡಿಮನೆ. ಹುಡುಗರು ಕಾಕಾ ಅಂದಾರೆಂದು ಪಾರೀಸ ಓದುವ ಚಾಳೀಸು ಕನ್ನಡಕವನ್ನು ಕಿಸೆಗಿಳಿಸಿ, ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತ.

"ಒಬ್ಬರಿಗೇ ಖಾಸಗಿ ಕಲಸೂದಂದ್ರ ಕರಾರು ಆಗಬೇಕ್ರಿ. ಓದಿ ಸಹಿ ಮಾಡ್ರಿ" ಎಂದ ಮಾಯಪ್ಪ.

ಓದುವುದೇ? ಮೂರು ಪುಟ! ಅಷ್ಟರತನಕ ಉಸಿರು ನಿಲ್ಲಬೇಕಲ್ಲ! ಪಾರೀಸ ಮೂರೂ ಪುಟಕ್ಕೆ ಒಂದೇ ಉಸಿರಿನಲ್ಲಿ ಸಹಿ ಜಡಿದು, ಹೊರಗೆ ಬಂದು ಹೊಟ್ಟೆಗೆ ಬಿಡುಗಡೆ ಕೊಟ್ಟ.

ಅಂದು ಹೊತ್ತು ಮುಳುಗುವ ಮುಂಚೆ ಊಟ ಬಡಿಸಿ, ರತ್ನಮಾಲಾ ಕರಾರಿನ ಪ್ರತಿಯನ್ನು ಕೈಗೆತ್ತಿಕೊಂಡಳು. "ರೀ, ಏಳನೇ ಕಲಮು ನೋಡೀರೇನ? 'ಮೂರು ತಿಂಗಳ ಕೊನೆಗೆ ಶಿಷ್ಯನು ತಾಲೀಮಿನ ಪರವಾಗಿ ನಂದಗಡದ ಕಣದಲ್ಲಿ ಕುಸ್ತಿ ಹಿಡಿಯತಕ್ಕದ್ದು. ನಡುವೆ ಬಿಟ್ಟುಹೋದಲ್ಲಿ ಒಂದು ವರ್ಷ ದಿನಾಲೂ ತಾಲೀಮಿನ ಮಣ್ಣು ಅಗೆದು ಹದ ಮಾಡತಕ್ಕದ್ದು.'"

ಪಾರೀಸ ರೊಟ್ಟಿ ಬಿಟ್ಟು, ಚಾಳೀಸು ಏರಿಸಿ ಕರಾರನ್ನು ಕಸಿದುಕೊಂಡ!

ಮರುದಿನ ರೈಲು ಪ್ರಯಾಣದ ಉದ್ದಕ್ಕೂ ಕರಾರಿನಲ್ಲಿ ತೂತು ಹುಡುಕಿದ. ಜಡ್ಡು ಬಿದ್ದರೆ? ಒಂಬತ್ತನೇ ಕಲಮು ಆ ಬಾಗಿಲು ಮುಚ್ಚಿತ್ತು. ಊರು ಬಿಟ್ಟರೆ? ಹನ್ನೊಂದನೆಯದು ಕೀಲಿ ಜಡಿದಿತ್ತು. ಸಿಟ್ಟಿನ ನಡುವೆಯೂ ಅವನಿಗೆ ಭಕ್ತಿ ಉಕ್ಕಿತು.

"ಯಾವ ಮಾರಾಯ ಬರದಾನ್ರಿ ಇದನ್ನ?" ಎಂದು ಮಾಯಪ್ಪನನ್ನೇ ಕೇಳಿದ.

"ನೀವರಿ!"

"ನಾನಾ?"

"ಐದು ವರ್ಷಾತು. ಹುಡುಗರು ನಡುವ ಓಡಿ ಹೋಗ್ತಾರು ಅಂತ ನಮ್ಮಣ್ಣ ಖಾನಾಪುರಕ್ಕ ಬಂದು ನಿಮ್ಮ ಕಡೆ ಬರಿಸಿಕೊಂಡಿದ್ದ. ಬ್ರಹ್ಮ ಬಂದ್ರೂ ಇದರಾಗಿಂದ ಪಾರಾಗೂದಿಲ್ಲ ಅಂದಿದ್ರಂತ!"

ಬ್ರಹ್ಮನೇ ಪಾರಾಗದ ಮೇಲೆ ಪಾರೀಸನ ಪಾಡೇನು! ಬೈಠಕ್ ಹೊಡೆದ, ದಂಡ ಹೊಡೆದ. ಕಚೇರಿಯ ಮೆಟ್ಟಿಲನ್ನು ಅಂಬೆಗಾಲಿಕ್ಕಿ ಹತ್ತಿದ. ಲೇಖನಿ ಹಿಡಿದರೆ ರಟ್ಟೆ ಸೆಟೆದು, 'ಪೂರ್ವಕ್ಕೆ ಬಾವಿ' ಎಂಬುದು 'ಪೂರ್ವಕ್ಕೆ ಬಾಯಿ' ಆಯಿತು!

ಕೊನೆಗೆ ನಂದಗಡ. ಲಂಗೋಟಿಯಲ್ಲಿ ನಿಂತ ಪಾರೀಸನೆದುರು ಕೋಣದಂಥ ಬೀರಣ್ಣ. ಸುತ್ತ ಕುಳಿತವರೆಲ್ಲ ಪಾರೀಸನ ಗಿರಾಕಿಗಳೇ. ಬೀರಣ್ಣ ಹತ್ತಿರ ಬಂದು ಕಿವಿಯಲ್ಲಿ, "ಸಾಹೇಬ್ರ, ನಮ್ಮ ಹೊಲದ ಪಾಲಿನ ವಾಟ್ನಿ ಪತ್ರ ನೀವ ಬರದಿದ್ರಿ. ಅಣ್ಣಗ ಬಾವಿ, ನನಗ ಕಲ್ಲು" ಎಂದ. ಮರುಕ್ಷಣ ಪಾರೀಸನಿಗೆ ಆಕಾಶ ಕಂಡಿತು, ಆಮೇಲೆ ಮಣ್ಣು, ಆಮೇಲೆ ಮತ್ತೆ ಆಕಾಶ.

ಎರಡು ದಿನದ ಮೇಲೆ ಮಾಯಪ್ಪ ಖಾನಾಪುರದ ಮನೆಗೇ ಬಂದ. "ಓಡಿ ಹೋಗದ ಪೂರಾ ಮುಗಿಸಿದ ಮೊದಲನೇ ಶಿಷ್ಯ ನೀವರಿ. ಇನ್ನೊಂದು ವರ್ಷದ್ದು ಮಾಡೂಣು" ಎಂದು ಕಾಗದ ಚಾಚಿದ.

ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡೇ ಪಾರೀಸ ಪ್ರತಿ ಅಕ್ಷರ ಓದಿದ. ಕೊನೆಯ ಪುಟಕ್ಕೆ ಬಂದವನು ಬೆಚ್ಚಿಬಿದ್ದ. ಸಾಕ್ಷಿಯ ಜಾಗದಲ್ಲಿ ಆಗಲೇ ಒಂದು ಸಹಿ ಬಿದ್ದಿತ್ತು: ರತ್ನಮಾಲಾ!

"ಏನ ಇದು? ಒಳಗೇನೈತಿ ಅಂತ ತಿಳಕೊಂಡ ಹಾಕೀಯೇನ?"

"ಎಲ್ಲಾ ತಿಳಕೊಂಡ ಹಾಕೇನ್ರಿ. ಮೂರು ತಿಂಗಳಾತು, ನೀವು ಮನಿಗೆ ಬಂದು, ಉಂಡು, ಪಲ್ಲೆಕ್ಕ ಉಪ್ಪಿಲ್ಲ ಖಾರಿಲ್ಲ ಅಂತ ಹೆಸರಿಡದ, ಪಿಟ್ಟೆನ್ನದ ಮಲಗಾಕತ್ತೀರಿ. ಇಷ್ಟು ಶಾಂತಿ ನನಗ ಮದಿವ್ಯಾದಾಗಿಂದ ಸಿಕ್ಕಿದ್ದಿಲ್ಲ!"

ಪಾರೀಸ ತೆಪ್ಪಗೆ ಪೆನ್ನು ಕೇಳಿದ.